ಮರಳಿ ತುಟಿಗೆ ಬಂದ ತುತ್ತೂರಿ

ಮನೆಯ ಹೆಂಚು ತೆಗೆಸಿ ಮೇಲ್ಛಾವಣಿಯನ್ನು ದುರಸ್ತಿ ಮಾಡಿಸುವ ಸಂದರ್ಭದಲ್ಲಿ ಅಟ್ಟದ ಮೇಲಿದ್ದ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಹಳೆಯ ಪಂಚಾಂಗಗಳು, ಒಡೆದ ಒರಳು, ಗೆದ್ದಲು ಹಿಡಿದ ಕೆಲವು ಗ್ರಂಥಗಳು, ಅವುಗಳ ನಡುವೆ ವಿಭೂತಿಗಟ್ಟಿ ಇಡುವಂತಹ ಒಂದು ಚಿಕ್ಕ ಮರದ ಪೆಟ್ಟಿಗೆ. ಅದನ್ನು ತೆರೆದ ಮೊಮ್ಮಗ ಕಿಲುಬು ಹಿಡಿದ ಹಿತ್ತಾಳೆಯ ಲಾಳಿಕೆಯಂತಹ ವಸ್ತುವೊಂದನ್ನು ಹಿಡಿದುಕೊಂಡು ಬಂದು, "ತಾತ, ಇದು ಯಾವ ದೀಪದ್ದು?" ಎಂದು ಕೇಳಿದನು. ಅದು ದೀಪದ್ದಾಗಿರಲಿಲ್ಲ. ನಾವು ಮಠದ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಟ್ರಂಪೆಟ್ಟಿನ ಮೂತಿ. ವಾದ್ಯವು ಮಠಕ್ಕೆ ಸೇರಿದ್ದು; ಆದುದರಿಂದ ಅದನ್ನು ಅಲ್ಲಿಯೇ ಒಪ್ಪಿಸಿ ಬಂದಿದ್ದೆವು. ಮೂತಿಯನ್ನು ಮಾತ್ರ ನಮಗೆ ಕಲಿಸಿದ ಹಿರಿಯರು ಬೀಳ್ಕೊಡುವಾಗ ನಮ್ಮ ಕೈಗೆ ಹಾಕಿದ್ದರು. ಆಗ ನಮಗೆ ಇಪ್ಪತ್ತೊಂದು ವರ್ಷ. ಈಗ ಅರವತ್ತನ್ನು ದಾಟಿ ಕೆಲವು ವರ್ಷಗಳಾಗಿವೆ.

ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ತುಟಿಗಿಟ್ಟು ಊದಿದೆವು. ಬರಿಯ ಗಾಳಿ ಬಂದಿತು. ಮತ್ತೆ ಊದಿದೆವು. ಒಲೆಯ ಮುಂದೆ ಊದುಗೊಳವೆ ಹಿಡಿದಂತಾಯಿತೇ ಹೊರತು ಧ್ವನಿಯು ಹೊರಡಲಿಲ್ಲ. ಮೊಮ್ಮಗ ನಕ್ಕನು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ನಗಲಿಲ್ಲ. "ಏನೂಂದ್ರೆ, ಅದನ್ನ ಇನ್ನೂ ಇಟ್ಕೊಂಡಿದ್ದೀರಾ?" ಎಂದಷ್ಟೇ ಕೇಳಿದರು. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾತ್ರ ಅವರಿಗೆ ಈ ಸಂಗತಿಯನ್ನು ಹೇಳಿದ್ದೆವು.

ವಾಚಕರು ಈ ಪತ್ರಿಕೆಯ ಪುಟಗಳಲ್ಲಿ ನಮ್ಮಿಂದ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತ ಲೇಖನವನ್ನು ನಿರೀಕ್ಷಿಸಿರಬಹುದು. ತುತ್ತೂರಿಯ ಮಾತು ಇಲ್ಲಿಗೇಕೆ ಎಂದು ಕೇಳುವವರಿಗೆ ಉತ್ತರವು ಮುಂದೆ ತಾನಾಗಿಯೇ ದೊರೆಯುವುದು. ಮೊದಲು ಈ ವಾದ್ಯದ ಕುಲಗೋತ್ರವನ್ನು ಕೊಂಚ ವಿಚಾರಿಸೋಣ.

ಊದುವ ವಾದ್ಯಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕೊಳಲಿನಲ್ಲಿ ರಂಧ್ರದ ಅಂಚಿಗೆ ತಾಗಿದ ಗಾಳಿಯೇ ನಾದವಾಗುವುದು. ನಾಗಸ್ವರ, ಶಹನಾಯಿ, ಮುಖವೀಣೆ, ನಮ್ಮ ವೀರಗಾಸೆಯ ಮೌರಿ ಮುಂತಾದವುಗಳಲ್ಲಿ ಕಡ್ಡಿ ಅಥವಾ ಗರಿಯ ಪೀಪಿಯೊಂದು ಕಂಪಿಸುವುದು. ಮೂರನೆಯ ಬಗೆಯಲ್ಲಿ ಕಂಪಿಸತಕ್ಕದ್ದು ಊದುವವನ ತುಟಿಗಳೇ. ಶಂಖ, ಕೊಂಬು, ಕಹಳೆ, ಬ್ಯೂಗಲ್, ಟ್ರಂಪೆಟ್ ಇವೆಲ್ಲವೂ ಈ ಒಂದೇ ಮನೆತನದ ಮಕ್ಕಳು. ಸ್ಯಾಕ್ಸೊಫೋನು ಮೈಯೆಲ್ಲ ಹಿತ್ತಾಳೆಯಾದರೂ ಕಡ್ಡಿಯಿಂದ ನುಡಿಯುವುದರಿಂದ ನಾಗಸ್ವರದ ಕಡೆಗೇ ಹೆಚ್ಚು ಹತ್ತಿರದ ನಂಟು. ಕಹಳೆ ಎಂಬ ನಮ್ಮ ಮಾತು ಸಂಸ್ಕೃತದ ಕಾಹಲದಿಂದ ಬಂದುದು. ತುತ್ತೂರಿಯೋ, ತಾನು ಹೊರಡಿಸುವ ಸದ್ದನ್ನೇ ಹೆಸರಾಗಿ ಇಟ್ಟುಕೊಂಡಂತೆ ತೋರುತ್ತದೆ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಯ ದೆಸೆಯಿಂದ ಕನ್ನಡದ ಯಾವ ಮಗುವಿಗೂ ಈ ಹೆಸರು ಅಪರಿಚಿತವಲ್ಲ. ಆ ಗೀತೆಯ ಹುಡುಗ ತಗಡಿನ ತುತ್ತೂರಿಯನ್ನು ಕೊಂಡು ಬೀಗುತ್ತಾನೆ, ಕೊನೆಗೆ ಆ ತುತ್ತೂರಿಯು ಕೊಳದ ನೀರಿಗೆ ಜಾರಿ ಬೀಳುತ್ತದೆ. ನಮ್ಮ ಅರವತ್ತರ ಪ್ರಾಯದ ಸಾಹಸವೂ ಮೊದಮೊದಲು ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಸಾಗಿತು.

ನಮಗೆ ಮೊಟ್ಟಮೊದಲು ತುಟಿ ಹಿಡಿಯುವುದನ್ನು ತೋರಿಸಿಕೊಟ್ಟವರು ಮಠದವರಲ್ಲ. ನಮ್ಮೂರಿನ ಹೊರಗೇರಿಯಲ್ಲಿ ಕೊಂಬು ನುಡಿಸುವ ಒಬ್ಬ ದಲಿತ ಹಿರಿಯರಿದ್ದರು. ಜಾತ್ರೆ, ಪರಿಷೆ, ದೇವರ ಉತ್ಸವ ಯಾವುದಾದರೂ ಅವರ ಕೊಂಬು ಕೂಗಿದ ಮೇಲೆಯೇ ಪಲ್ಲಕ್ಕಿ ಮೇಲೇಳಬೇಕು. ಊರ ಹುಡುಗರೆಲ್ಲ ಅವರನ್ನು ಕೊಂಬಿನ ತಾತ ಎಂದು ಕರೆಯುತ್ತಿದ್ದೆವು. ನಮಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಕೆರೆಯ ಏರಿಯ ಮೇಲೆ ಅವರು ಒಬ್ಬರೇ ಕುಳಿತು ಕೊಂಬಿಗೆ ಎಣ್ಣೆ ಸವರುತ್ತಿದ್ದರು. ನಾವು ಕಾಡಿದೆವು. ಅವರು ಬಹಳ ಹೊತ್ತು ಒಪ್ಪಲಿಲ್ಲ. "ಬೇಡಿ ಐನೋರೇ, ನಿಮ್ಮ ಮನೇಲಿ ಕೊಂದಾಕ್ತಾರೆ" ಎಂದರು. ಕಡೆಗೆ ತಮ್ಮ ಪಂಚೆಯ ಸೆರಗಿನಿಂದ ಅದರ ಬಾಯನ್ನು ಮೂರು ಸಲ ಒರೆಸಿ, ನಮ್ಮ ತುಟಿಗಳನ್ನು ಬೆರಳು ಸೋಂಕಿಸದೆ ಬರಿಯ ಮಾತಿನಿಂದಲೇ ತಿದ್ದಿದರು. ತುಟಿಯನ್ನು ಬಿಗಿಯಬೇಕು, ಆದರೆ ಕಚ್ಚಬಾರದು, ಕೆನ್ನೆ ಉಬ್ಬಿಸಬಾರದು, ಬಾಯಿಗೆ ಅಂಟಿದ ಜೋಳದ ಹೊಟ್ಟನ್ನು ಉಗುಳುವಂತೆ ಶುರು ಮಾಡಬೇಕು. ಮೂರನೆಯ ಸಲಕ್ಕೆ ಕೊಂಬು ಎಮ್ಮೆಯಂತೆ ಒದರಿತು. ಆ ಒದರು ಏರಿಯಿಂದ ಊರಿನವರೆಗೆ ಕೇಳಿಸಿತು ಎಂಬುದೇ ನಮ್ಮ ದುರದೃಷ್ಟ.

ಆ ಸಂಜೆ ನಮಗೆ ಹಿತ್ತಲಿನಲ್ಲಿ ತಲೆಯ ಮೇಲೆ ನೀರು ಸುರಿದರು. ಅಜ್ಜಿ ಬಾಯಿಗೆ ಗೋಮೂತ್ರ ಹಾಕಿದಳು. ಅದಕ್ಕಿಂತ ಹೆಚ್ಚಿನದನ್ನು ಇಲ್ಲಿ ಬರೆಯುವ ಇಚ್ಛೆಯಿಲ್ಲ. ಏರಿಯ ಮೇಲೆ ನಡೆದುದಕ್ಕಾಗಿ ಕೊಂಬಿನ ತಾತನನ್ನು ನಮ್ಮ ಜಗಲಿಯ ಮುಂದೆ ಅಂಗಳದಲ್ಲಿ ನಿಲ್ಲಿಸಿ ಮಾತಾಡಿದರು. ಆತ ತಲೆ ಬಗ್ಗಿಸಿ ನಿಂತಿದ್ದುದನ್ನು ನಾವು ಕಿಟಕಿಯಿಂದ ನೋಡಿದೆವು. "ನಾನೇ ಕೇಳಿದ್ದು" ಎಂಬ ಒಂದು ವಾಕ್ಯವನ್ನು ಹೇಳಲು ಹೊರಗೆ ಬರಲಿಲ್ಲ.

ಮರುವರ್ಷ ನಮ್ಮನ್ನು ವಿದ್ಯಾಭ್ಯಾಸಕ್ಕೆಂದು ಮಠಕ್ಕೆ ಸೇರಿಸಿದರು. ಅಲ್ಲಿ ಹುಡುಗರ ಬ್ಯಾಂಡು ಇದ್ದಿತು. ಸಂಸ್ಕೃತ ಪಾಠಶಾಲೆಯ ಹುಡುಗನಿಗೆ ತುತ್ತೂರಿ ಹಿಡಿಯುವ ಅವಕಾಶವು ಹೇಗೆ ದೊರೆಯಿತೆಂಬುದು ಚಿಕ್ಕ ಕಥೆ. ಎಂಜಲಿನ ಭಯದಿಂದ ನಾವು ಹಿಂದೆ ಸರಿದು ನಿಂತಿದ್ದುದನ್ನು ಕಂಡ ನಮ್ಮ ಗುರುಗಳು ಎಲ್ಲರ ಎದುರಿಗೆ ಕೇಳಿದರು: "ಕೊರಳಲ್ಲಿ ಏನಿದೆ?" ಲಿಂಗ ಎಂದೆವು. "ಹಾಗಾದರೆ ಬಾಯಲ್ಲಿ ಎಂಜಲು ಎಲ್ಲಿಂದ ಬಂತು?" ಎಂದು ಕೇಳಿ ಟ್ರಂಪೆಟ್ಟನ್ನು ಕೈಗೆ ಕೊಟ್ಟರು.

ಪಂಚಸೂತಕಗಳ ವಿಚಾರವು ನಮ್ಮ ಮನೆಮನೆಗಳಿಗೆ ತಿಳಿದದ್ದೇ ಆದರೂ ಒಮ್ಮೆ ನೆನಪಿಸುವುದು ತಪ್ಪಾಗಲಾರದು. ಜಾತಿಸೂತಕ, ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ ಎಂಬ ಐದೂ ಲಿಂಗಧಾರಿಗೆ ಇಲ್ಲವೆಂಬುದು ಶರಣರ ನಿಲುವು. ಉಚ್ಛಿಷ್ಟವೆಂದರೆ ಎಂಜಲು. ಈ ಐದರಲ್ಲಿ ಜಾತಿಸೂತಕವನ್ನು ಕುರಿತು ನಾವು ವೇದಿಕೆಗಳ ಮೇಲೆ ಗಟ್ಟಿಯಾಗಿ ಮಾತಾಡುತ್ತೇವೆ, ರಜಸ್ಸೂತಕವನ್ನು ಕುರಿತು ಮೆಲ್ಲಗೆ ಮಾತಾಡುತ್ತೇವೆ, ಎಂಜಲನ್ನು ಕುರಿತು ಮಾತಾಡುವುದೇ ಇಲ್ಲ. ಆದರೆ ಊರಿನಲ್ಲಿ ಜಾತಿಯು ಬದುಕಿರುವುದು ಬಹುಮಟ್ಟಿಗೆ ಎಂಜಲಿನ ಮೂಲಕವೇ. ಲೋಟ ಯಾರದು, ತಟ್ಟೆ ಯಾರದು, ಬೀಡಿಯ ತುಂಡು ಯಾರದು ಎಂಬಲ್ಲಿಯೇ ಅದು ಕಾವು ಕುಳಿತಿರುತ್ತದೆ. ಮದ್ದಳೆಯನ್ನು ನುಡಿಸಿದ ಅಲ್ಲಮಪ್ರಭುವನ್ನು ಹರಿಹರನ ರಗಳೆಯಲ್ಲಿ ಓದಿ ಪುಲಕಿತರಾಗುತ್ತೇವೆ. ಕಿನ್ನರಿ ಬೊಮ್ಮಯ್ಯ, ಢಕ್ಕೆಯ ಬೊಮ್ಮಣ್ಣ ಎಂದು ವಾದ್ಯದ ಹೆಸರನ್ನೇ ಹೊತ್ತ ಶರಣರನ್ನು ಸ್ಮರಿಸುತ್ತೇವೆ. ಆದರೆ ಬಾಯಿಂದ ಊದುವ ವಾದ್ಯವೆಂದ ಕೂಡಲೇ ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಇನ್ನೊಂದು ವಿಚಿತ್ರವನ್ನು ಗಮನಿಸಿ. ದೇವರ ಮುಂದೆ ಊದುವ ಶಂಖವೂ ತುಟಿಯ ವಾದ್ಯವೇ. ಅದಕ್ಕೆ ಎಂಜಲು ಎಂದವರನ್ನು ನಾವು ಕಂಡಿಲ್ಲ.

ಟ್ರಂಪೆಟ್ಟಿನಿಂದ ಆಗಾಗ ಸುರಿಯುವ ನೀರನ್ನು ಕಂಡು ಉಗುಳೆಂದು ಭಾವಿಸುವವರು ಬಹಳ. ಅದರಲ್ಲಿ ಬಹುಪಾಲು ಉಗುಳಲ್ಲ. ಬಿಸಿಯುಸಿರಿನ ತೇವವು ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿದ್ದು. ಚಳಿಗಾಲದಲ್ಲಿ ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮಂಜು ಕೂರುವುದಿಲ್ಲವೇ, ಹಾಗೆ.

ಎಂಟು ವರ್ಷ ನುಡಿಸಿದೆವು. ಜಾತ್ರೆಯ ತೇರಿನ ಮುಂದೆ, ಗಣರಾಜ್ಯೋತ್ಸವದ ಕವಾಯತಿನಲ್ಲಿ, ಹಳ್ಳಿಗಳ ಬಸವ ಜಯಂತಿಯ ಮೆರವಣಿಗೆಗಳಲ್ಲಿ ನುಡಿಸಿದೆವು. ವಿದ್ಯಾಭ್ಯಾಸವನ್ನು ಮುಗಿಸಿ ಊರಿಗೆ ಬಂದಾಗ ತಂದೆಯವರು ಒಂದೇ ಮಾತು ಹೇಳಿದರು. "ಶಾಸ್ತ್ರ ಓದಿ ಬಂದಿದ್ದೀಯ. ಇನ್ನು ಆ ಎಂಜಲು ವಾದ್ಯದ ಸುದ್ದಿ ಈ ಮನೆಯಲ್ಲಿ ಬೇಡ." ಗುರುಗಳು ಕಲಿಸಿದ್ದ ಉತ್ತರವು ನಾಲಿಗೆಯ ತುದಿಯಲ್ಲಿಯೇ ಇದ್ದಿತು. ಹೇಳಲಿಲ್ಲ. ಮೂತಿಯು ಅಟ್ಟ ಸೇರಿತು. ಅನಂತರದ ನಾಲ್ವತ್ತು ವರ್ಷಗಳಲ್ಲಿ ಪಂಚಸೂತಕ ನಿರಾಕರಣೆಯನ್ನು ಕುರಿತು ನಾವು ಮಾಡಿದ ಉಪನ್ಯಾಸಗಳ ಲೆಕ್ಕವನ್ನು ಇಟ್ಟಿಲ್ಲ. ಚಪ್ಪಾಳೆಗಳು ಬಂದಿವೆ, ಶಾಲುಗಳು ಬಂದಿವೆ.

ಆದುದರಿಂದ ಮೊಮ್ಮಗನು ತಂದು ಕೊಟ್ಟ ಆ ಹಿತ್ತಾಳೆಯ ಚೂರು ನಮಗೆ ಬರಿಯ ಆಟಿಕೆಯಾಗಿ ಕಾಣಲಿಲ್ಲ.

ಮೊದಲು ಮಠದ ಹಳೆಯ ವಾದ್ಯವನ್ನು ಹುಡುಕಿಸಿದೆವು. ಅದು ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಅನಂತರ ಬೆಂಗಳೂರಿಗೆ ಹೋಗಿ ಅಂಗಡಿಯೊಂದರಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದ ಹೊಸ ಟ್ರಂಪೆಟ್ಟನ್ನು ಕೊಂಡು ತಂದೆವು. ಬೆಲೆ ಕಡಿಮೆ, ಪೆಟ್ಟಿಗೆಯು ಮಖಮಲ್ಲಿನದು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಊರು ಹಗಲಿರುಳು ಲಾರಿಗಳ ಹಾರನ್ನಿಗೆ ಒಗ್ಗಿಹೋಗಿರುವುದರಿಂದ ನಮ್ಮ ಅಭ್ಯಾಸವು ಯಾರ ನಿದ್ರೆಯನ್ನೂ ಕೆಡಿಸಲಿಲ್ಲ ಎಂಬುದೊಂದೇ ಸಮಾಧಾನ. ಎರಡು ತಿಂಗಳು ಪ್ರತಿದಿನ ಸಂಜೆ ಊದಿದೆವು. ಮಂದ್ರದಲ್ಲಿ ನಾಲ್ಕು ಸ್ವರ ಹೊರಡುವಷ್ಟರಲ್ಲಿ ತುಟಿಯು ಮರಗಟ್ಟುವುದು. ಮಧ್ಯದ ಗುಂಡಿಯು ಕೆಳಗೆ ಹೋದರೆ ಮೇಲೆ ಬಾರದು. ಪಂಚಮವು ಪ್ರತಿ ಸಲವೂ ಸೋರಿದಂತೆ ಕೇಳುವುದು. ವಯಸ್ಸಾಯಿತು, ಇನ್ನು ಇದು ನಮ್ಮ ಪಾಲಿಗೆ ಇಲ್ಲ ಎಂದು ನಿರ್ಧರಿಸಿದೆವು. ಮೇಲುದವಡೆಯ ಮುಂದಿನ ಎರಡು ಹಲ್ಲುಗಳು ಬಿದ್ದುಹೋಗಿದ್ದುದರಿಂದ ಹಾಗೆ ನಂಬುವುದು ಸುಲಭವೂ ಆಗಿತ್ತು.

ಆ ಹೊತ್ತಿಗೆ ಪರಿಚಿತರೊಬ್ಬರು ಸೈನ್ಯದ ಬ್ಯಾಂಡಿನಲ್ಲಿ ದುಡಿದು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಹವಾಲ್ದಾರರೊಬ್ಬರ ಬಳಿಗೆ ನಮ್ಮನ್ನು ಕರೆದೊಯ್ದರು. ಅವರು ನಮ್ಮ ನುಡಿಸಾಣಿಕೆಯನ್ನು ಕೇಳುವ ಮೊದಲು ವಾದ್ಯವನ್ನು ಕೈಗೆ ತೆಗೆದುಕೊಂಡರು. ಗುಂಡಿಯನ್ನು ಒತ್ತದೆಯೇ ಅದರ ಪಕ್ಕದ ಜಾರುಗೊಳವೆಯನ್ನು ಸರಕ್ಕನೆ ಎಳೆದರು. "ಗಾಳಿ ಬಿಗಿಯಾಗಿದ್ದರೆ ಇಲ್ಲಿ ಟಪ್ ಎಂದು ಸದ್ದಾಗಬೇಕು ಸ್ವಾಮಿ. ಏನೂ ಇಲ್ಲ ನೋಡಿ" ಎಂದರು. ಒಂದು ಕಡೆ ಬೆಸುಗೆಯೇ ಬಿಟ್ಟಿತ್ತು. ಎರಡು ತಿಂಗಳು ನಾವು ತೂತು ಬಿದ್ದ ಕೊಡದಲ್ಲಿ ನೀರು ಹೊತ್ತು, ನಮ್ಮ ಕೈಯೇ ಸರಿಯಿಲ್ಲವೆಂದು ಕೊರಗಿದ್ದೆವು!

ಅವರ ಮನೆಯಲ್ಲಿ ಕಳೆದ ಆ ಮಧ್ಯಾಹ್ನವು ಒಂದು ಪಾಠಪ್ರವಚನವೇ ಆಯಿತು. ಬ್ಯೂಗಲ್ಲಿಗೂ ಕೊಂಬಿಗೂ ಗುಂಡಿಗಳಿಲ್ಲ. ಒಂದೇ ಉದ್ದದ ಕೊಳವೆಯಲ್ಲಿ ತುಟಿಯ ಬಿಗಿತವನ್ನು ಬದಲಿಸಿ ಹೊರಡಿಸಬಹುದಾದವು ಪ್ರಕೃತಿಸಿದ್ಧವಾದ ಕೆಲವು ಸ್ವರಗಳು ಮಾತ್ರ. ಸೈನ್ಯದ ಬ್ಯೂಗಲ್ಲು ಹೆಚ್ಚಾಗಿ ಷಡ್ಜ, ಗಾಂಧಾರ, ಪಂಚಮಗಳಲ್ಲಿಯೇ ತಿರುಗುವುದು. ಕೊಳವೆಯ ಉದ್ದವನ್ನು ಕ್ಷಣಮಾತ್ರದಲ್ಲಿ ಬದಲಿಸುವ ಗುಂಡಿಯ ಉಪಾಯವನ್ನು ಕಂಡುಹಿಡಿದು 1818ರಲ್ಲಿ ಪ್ರಷ್ಯದಲ್ಲಿ ಹಕ್ಕುಪತ್ರ ಪಡೆದವರು ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು. ಟ್ರಂಪೆಟ್ಟಿನಲ್ಲಿ ಮೂರು ಗುಂಡಿ. ಎರಡನೆಯದು ಅರ್ಧಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುವುದು. ಇವುಗಳನ್ನು ಕೂಡಿಸಿ ಒತ್ತಿದರೆ ನಡುವಣ ಸ್ವರಗಳೆಲ್ಲವೂ ಕೈಗೆ ಬರುವುವು. ಆದರೆ ನಮ್ಮ ಸಂಗೀತದ ಜೀವವಾದ ಗಮಕವು ಗುಂಡಿಗೆ ಒಲಿಯುವುದಿಲ್ಲ. ಅದನ್ನು ತುಟಿಯಿಂದಲೂ ಅರೆಗುಂಡಿಯಿಂದಲೂ ಸಾಧಿಸಬೇಕು.

"ನಿಮಗೆ ಟ್ರಂಪೆಟ್ ಬೇಡ" ಎಂದು ಆ ಹವಾಲ್ದಾರರು ಹೇಳಿದಾಗ ನಮ್ಮ ಮುಖವು ಬಾಡಿರಬೇಕು. ಅವರು ನಕ್ಕು ಒಳಗಿನಿಂದ ಮೊಂಡು ಮೊಂಡಾಗಿ ಸುತ್ತಿಕೊಂಡ ಹಳೆಯ ವಾದ್ಯವೊಂದನ್ನು ತಂದರು. ಮೆರುಗೆಲ್ಲ ಹೋಗಿ ಹಳೆಯ ತಂಬಿಗೆಯ ಬಣ್ಣಕ್ಕೆ ತಿರುಗಿತ್ತು. ಅದು ಕಾರ್ನೆಟ್. ಬಿಡಿಸಿ ನೀಟಾಗಿ ಎಳೆದರೆ ಎರಡರ ಕೊಳವೆಯೂ ಒಂದೇ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ; ಗುಂಡಿಗಳೂ ಬೆರಳುಗಳೂ ಒಂದೇ. ಟ್ರಂಪೆಟ್ಟಿನ ಕೊಳವೆಯು ಬಹುದೂರ ಒಂದೇ ಸಮನೆ ಸಾಗಿ ಕೊನೆಗೆ ಅರಳಿದರೆ, ಕಾರ್ನೆಟ್ಟಿನದು ಮೊದಲಿನಿಂದ ಮೆಲ್ಲಮೆಲ್ಲಗೆ ಅಗಲವಾಗುತ್ತ ಹೋಗುವುದು. ಹಾಗಾಗಿ ಧ್ವನಿಯು ಇರಿಯುವುದಿಲ್ಲ, ಒರಗುತ್ತದೆ. ಭಾರವು ಮುಖಕ್ಕೆ ಹತ್ತಿರವಿರುವುದರಿಂದ ಮುದಿಗೈಗೆ ನೋವಿಲ್ಲ. ಅಮೆರಿಕದ ಪ್ರಖ್ಯಾತ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಬಾಲ್ಯದಲ್ಲಿ ಹಿಡಿದದ್ದೂ ಕಾರ್ನೆಟ್ಟನ್ನೇ, ಅನಂತರ ಟ್ರಂಪೆಟ್ಟಿಗೆ ಹೋದರು. ನಾವು ಹಿಮ್ಮುಖವಾಗಿ ಬಂದೆವು.

ತಮಗೆ ಒಪ್ಪುವ ವಾದ್ಯವನ್ನು ಕಂಡುಕೊಳ್ಳುವುದು ಚಿಕ್ಕ ಸಂಗತಿಯಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ಸಾಕ್ಷಿಯಿದೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರ ತಂದೆಯವರು ನಾಗಸ್ವರ ವಾದಕರು. ಮಗನಿಗೂ ಅದೇ ವಿದ್ಯೆ ದೊರೆಯಿತು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿದ ಮೇಲೆ ಆ ಹುಡುಗನಿಗೆ ಬೇರೊಂದು ರುಚಿಸಲಿಲ್ಲ. ಪರದೇಶದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ಅವರು ಸುಮಾರು ಇಪ್ಪತ್ತು ವರ್ಷ ಸಾಧನೆ ಮಾಡಿದರು. ಗಮಕಕ್ಕೆ ಅನುಕೂಲವಾಗುವಂತೆ ವಾದ್ಯದಲ್ಲಿಯೇ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇಂದು ಮದುವೆಯ ವಾಲಗದಲ್ಲಿ ನಾಗಸ್ವರದ ಜೊತೆಗೋ ಅದರ ಬದಲಿಗೋ ಸ್ಯಾಕ್ಸೊಫೋನನ್ನು ಕಂಡರೆ ನಮಗೆ ಸೋಜಿಗವಾಗದಿರುವುದು ಅವರ ದೆಸೆಯಿಂದ.

ಮೈಸೂರಿನ ಮಾತು ಬಂದುದರಿಂದ ನಮ್ಮ ಸಮಾಜಕ್ಕೆ ಸಂಬಂಧಿಸಿದ ಇನ್ನೊಂದನ್ನು ಹೇಳದೆ ಮುಂದುವರಿಯಲಾರೆವು. ಮೈಸೂರು ಸಂಸ್ಥಾನದ ಗೀತೆಯಾಗಿದ್ದ 'ಕಾಯೌ ಶ್ರೀ ಗೌರಿ'ಯನ್ನು ರಚಿಸಿದವರು ವೀರಶೈವ ವಿದ್ವಾಂಸರಾದ ಬಸವಪ್ಪ ಶಾಸ್ತ್ರಿಗಳು (1843-1891). ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸರೆನಿಸಿದವರು. ಅವರ ಆ ಕೃತಿಯು ಅರಮನೆಯ ಬ್ಯಾಂಡಿನ ಹಿತ್ತಾಳೆಯ ವಾದ್ಯಗಳಲ್ಲಿ ಮೊಳಗುತ್ತಿತ್ತು. ನಮ್ಮ ಮಠದ ಬ್ಯಾಂಡಿನ ಹಿರಿಯರು ಅದನ್ನು ನಮಗೆ ಕಲಿಸುವಾಗ, "ಇದು ನಮ್ಮವರ ಪಾಂಡಿತ್ಯ, ಅವರ ವಾದ್ಯ, ಎರಡೂ ಕೂಡಿ ಎಷ್ಟು ಚೆನ್ನಾಗಿದೆ ನೋಡಿ" ಎನ್ನುತ್ತಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅನಂತರ ಪುಟ್ಟರಾಜ ಗವಾಯಿಗಳೂ (1914-2010) ಜಾತಿಯನ್ನು ಕೇಳದೆ ಅಂಧ ಮಕ್ಕಳಿಗೂ ಬಡವರಿಗೂ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ, ಅದು ವಾಚಕರಿಗೆಲ್ಲ ವಿದಿತವಾದುದೇ.

ಕಾರ್ನೆಟ್ಟು ಉತ್ತರ ಪ್ರದೇಶದ ಮೀರತ್ತಿನಲ್ಲಿ ತಯಾರಾದುದು. ಆ ನಗರದ ಜಲಿ ಕೋಠಿ ಎಂಬ ಕೇರಿಯಲ್ಲಿ ಬ್ಯಾಂಡಿನ ವಾದ್ಯಗಳನ್ನು ತಯಾರಿಸುವ ಕಸುಬು ತಲೆಮಾರುಗಳಿಂದ ನಡೆದು ಬಂದಿದೆ. ನಮ್ಮ ದೇಶದ ಮದುವೆಯ ಮೆರವಣಿಗೆಗಳಿಗೆ ಹಿತ್ತಾಳೆಯು ಬಹುಮಟ್ಟಿಗೆ ಅಲ್ಲಿಂದಲೇ ಹರಿದು ಬರುವುದು. ಹವಾಲ್ದಾರರು ಅದಕ್ಕೆ ಹೇಳಿದ ಬೆಲೆಯು ನಮ್ಮ ಹೊಳೆಯುವ ಹೊಸ ವಾದ್ಯದ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಹಳೆಯ ಮೂತಿಯು ಮಾತ್ರ ಅದಕ್ಕೆ ಕೂಡಲಿಲ್ಲ. ಕಾರ್ನೆಟ್ಟಿನ ಮೂತಿಯ ಕಾವು ಸಣ್ಣದು. ಅದಕ್ಕಾಗಿ ವಾದ್ಯವನ್ನು ಕೊರೆಸಬಾರದೆಂದು ಅವರು ಗದರಿಸಿದರು. ನಾವು ನಾಲ್ವತ್ತು ವರ್ಷ ಕಾಪಾಡಿದ ವಸ್ತುವು ಹೀಗೆ ಮರಳಿ ಪೆಟ್ಟಿಗೆ ಸೇರಿತು. ಆಳವಾದ ಬಟ್ಟಲೂ ಅಗಲವಾದ ಅಂಚೂ ಇರುವ ಬೇರೊಂದು ಮೂತಿಯನ್ನು ಅವರೇ ಆರಿಸಿ ಕೊಟ್ಟರು.

ವಯಸ್ಸಾದ ಮೇಲೆ ಊದುವ ವಾದ್ಯಕ್ಕೆ ಮರಳಬೇಕೆನ್ನುವವರು ನಮ್ಮ ವಾಚಕರಲ್ಲಿಯೂ ಇರಬಹುದು. ಅಂಥವರು ಹಲ್ಲಿನ ವೈದ್ಯರನ್ನು ಮೊದಲು ಕಾಣುವುದು ಲೇಸು. ಮೂತಿಯ ಒತ್ತಡವನ್ನು ತುಟಿಯ ಹಿಂದಿನ ಹಲ್ಲುಗಳೇ ತಾಳಬೇಕು. ಬಿಚ್ಚಿಡುವ ಕಟ್ಟುಹಲ್ಲು ಜಾರುವುದರಿಂದ ನಾವು ದೊಡ್ಡಬಳ್ಳಾಪುರದಲ್ಲಿ ಅಕ್ಕಪಕ್ಕದ ಹಲ್ಲಿಗೆ ಭದ್ರವಾಗಿ ಕೂರಿಸುವ ಬ್ರಿಜ್ ಹಾಕಿಸಿಕೊಂಡೆವು. ಕಣ್ಣಿನ ಒತ್ತಡದ ಕಾಯಿಲೆಯಾಗಲಿ ಅಂಡವಾಯುವಾಗಲಿ ಇರುವವರು ವೈದ್ಯರನ್ನು ಕೇಳದೆ ತಾರಸ್ಥಾಯಿಗೆ ಹೋಗಲೇಬಾರದು. ಬಿಗಿಯಾಗಿ ಊದುವಾಗ ಕಣ್ಣಿನೊಳಗಣ ಒತ್ತಡವು ತಾತ್ಕಾಲಿಕವಾಗಿ ಏರುವುದು. ಅಭ್ಯಾಸದಲ್ಲಿ ಹವಾಲ್ದಾರರ ನಿಯಮ ಒಂದೇ ಒಂದು: ಎಷ್ಟು ಹೊತ್ತು ಊದಿದೆಯೋ ಅಷ್ಟು ಹೊತ್ತು ಸುಮ್ಮನಿರು. ಬಾಯಿಯ ಸುತ್ತಣ ಸ್ನಾಯುವು ಬಡಿದು ಮಣಿಸಬಹುದಾದ ಎತ್ತಲ್ಲ. ಮೊದಲ ತಿಂಗಳು ದಿನಕ್ಕೆ ಹತ್ತು ನಿಮಿಷ, ಅದೂ ಮಧ್ಯಸ್ಥಾಯಿಯ ದೀರ್ಘಸ್ವರಗಳು ಮಾತ್ರ. ಲಿಂಗಪೂಜೆಯನ್ನು ಮುಗಿಸಿ ಎದ್ದ ಮೇಲೆ ಹಿತ್ತಲಿನ ಹಲಸಿನ ಮರದ ಕೆಳಗೆ ನಿಂತು ಷಡ್ಜವೊಂದನ್ನೇ ಹಿಡಿಯುತ್ತಿದ್ದೆವು. ಐದನೆಯ ತಿಂಗಳಲ್ಲಿ ಒಂದು ದಿನ ಪಂಚಮವು ಸೋರದೆ, ನಡುಗದೆ, ತುಂಬಿದ ಕೊಡದಂತೆ ನಿಂತಿತು. ಅಂದು ನಮ್ಮ ಮನೆಯವರು ಹಿತ್ತಲಿನ ಬಾಗಿಲಿಗೆ ಬಂದು, ಏನನ್ನೂ ಹೇಳದೆ, ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು.

ಆದರೆ ಮುಖ್ಯವಾದ ಋಣವು ಉಳಿದೇ ಇದ್ದಿತು. ಕೊಂಬಿನ ತಾತನು ತೀರಿಕೊಂಡು ದಶಕಗಳೇ ಕಳೆದಿವೆ. ಅವರ ಮೊಮ್ಮಗನು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದಲ್ಲಿ ದುಡಿಯುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಕೊಂಬು ನುಡಿಸುವವರು ಯಾರೂ ಇಲ್ಲದೆ ಊರ ಉತ್ಸವಕ್ಕೆ ಈಗ ಧ್ವನಿವರ್ಧಕವೇ ಗತಿ. ನಾವು ಅವನ ಮನೆಗೆ ಹೋದೆವು. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ನಿಂತನು. ಅವನ ತಾಯಿ ಕುರ್ಚಿಯನ್ನು ಅಂಗಳಕ್ಕೆ ತಂದು ಹಾಕಿದಳು. ಒಳಗೇ ಕೂರುತ್ತೇವೆಂದಾಗ ಆಕೆ ಮಗನ ಮುಖವನ್ನು ನೋಡಿದಳು.

ಅಂದು ಏರಿಯ ಮೇಲೆ ನಡೆದುದನ್ನೂ ಅಂಗಳದಲ್ಲಿ ನಡೆದುದನ್ನೂ ಕಿಟಕಿಯಿಂದ ನೋಡುತ್ತ ನಿಂತುದನ್ನೂ ಅವರಿಗೆ ಹೇಳಿದೆವು. ಇಷ್ಟು ವರ್ಷಗಳ ಅನಂತರ ಹೇಳಿದರೆ ಭಾರವು ಇಳಿದೀತೆಂಬ ಆಸೆಯೇನೋ ಇದ್ದಿತು. ಇಳಿಯಲಿಲ್ಲ. ಆ ತಾಯಿ, "ನಮ್ಮ ಮಾವ ಅದನ್ನ ಹೇಳ್ತಿದ್ರು ಐನೋರೇ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹುಡುಗ ಚೆನ್ನಾಗಿ ಊದಿದ ಅಂತಾನೇ ಹೇಳ್ತಿದ್ರು" ಎಂದಳು. ನಮಗೆ ಮಾತು ಹೊರಡಲಿಲ್ಲ. ನೀರು ತರಲೇ ಬೇಡವೇ ಎಂದು ಅನುಮಾನಿಸುತ್ತಿದ್ದ ಆಕೆಯ ಕೈಯಿಂದ ಲೋಟವನ್ನು ಕೇಳಿ ತೆಗೆದುಕೊಂಡು, ಎತ್ತಿ ಸುರಿದುಕೊಳ್ಳದೆ, ಕಚ್ಚಿಯೇ ಕುಡಿದೆವು.

ಕೊಂಬು ಅವರ ಮನೆಯ ಸೂರಿನಡಿಯಲ್ಲಿ ಎರಡು ತುಂಡಾಗಿ ನೇತಾಡುತ್ತಿತ್ತು. ಬೆಸುಗೆ ಬಿಟ್ಟು ಬಾಯಿಯ ಬಳಿ ಸೀಳಿತ್ತು. ಒಂದು ವಾರ ಬಿಟ್ಟು ಅದನ್ನು ತಾಮ್ರದ ಕೆಲಸದವರ ಬಳಿ ಕೂಡಿಸಿಕೊಂಡು ಆ ಹುಡುಗನು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದನು. ಅಂಗಳದಲ್ಲಿಯೇ ನಿಂತನು. ಆತನ ತಾತನು ನಿಂತಿದ್ದ ಜಾಗ ಅದೇ. "ಬಾಪ್ಪ, ಒಳಗೆ ಬಾ" ಎಂದು ನಾವು ಕರೆಯುವ ಮೊದಲೇ ನಮ್ಮ ಮನೆಯವರು ಕರೆದರು. ಜಗಲಿಯ ಮೇಲೆ ಕುಳಿತು ಊದಲು ನೋಡಿದನು, ಬರಲಿಲ್ಲ. "ನೀವೇ ತೋರಿಸಿ ಐನೋರೇ" ಎಂದು ಚಾಚಿ, ಕೊಡುವ ಮೊದಲು ಅಂಗಿಯ ತುದಿಯಿಂದ ಅದರ ಬಾಯನ್ನು ಒರೆಸಲು ಹೋದನು. ಬೇಡವೆಂದು ತಡೆದು ಹಾಗೆಯೇ ತೆಗೆದುಕೊಂಡೆವು. ಜೋಳದ ಹೊಟ್ಟನ್ನು ಉಗುಳುವಂತೆ ಶುರು ಮಾಡಬೇಕೆಂದು ಅವನ ತಾತನು ಹೇಳಿದ್ದ ಮಾತನ್ನು ಅವನಿಗೆ ಹೇಳಿ, ತುಟಿಗಿಟ್ಟು ಊದಿದೆವು. ಎಮ್ಮೆ ಒದರಿದಂತೆಯೇ ಒದರಿತು. ಎದುರುಮನೆಯ ಕಿಟಕಿಯೊಂದು ತೆರೆದುಕೊಂಡಿತು. ಮರಳಿ ಅವನ ಕೈಗೆ ಕೊಟ್ಟಾಗ ಅವನೂ ಒರೆಸದೆಯೇ ಬಾಯಿಗಿಟ್ಟನು.

ಬಸವ ಜಯಂತಿಯ ಮೆರವಣಿಗೆಗೆ ಇನ್ನು ಐದು ವಾರಗಳಿವೆ. ಕೊಂಬೂ ಕಾರ್ನೆಟ್ಟೂ ಕೂಡಿ ಮುಂದೆ ಹೋಗಬೇಕೆಂಬುದು ನಮ್ಮಿಬ್ಬರ ಆಸೆ. ಊರ ಹಿರಿಯರಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಬಾಯಿ ಬಿಟ್ಟಿಲ್ಲ. ಸದ್ಯಕ್ಕೆ ತೊಡಕಾಗಿರುವುದು ಶ್ರುತಿಯದು. ಕಾರ್ನೆಟ್ಟಿನ ಶ್ರುತಿಗೊಳವೆಯನ್ನು ಪೂರ್ತಿ ಹೊರಕ್ಕೆಳೆದು ಇಳಿಸಿದರೂ ಕೊಂಬಿನ ಷಡ್ಜವು ಇನ್ನೂ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತದೆ. ಕೊಂಬನ್ನು ಕತ್ತರಿಸಲು ಅವನು ಒಪ್ಪುವುದಿಲ್ಲ, ನಾವೂ ಕೇಳಲಾರೆವು. ಬರುವ ಭಾನುವಾರ ಹವಾಲ್ದಾರರನ್ನು ಊರಿಗೆ ಬರಲು ಕೇಳಿಕೊಂಡಿದ್ದೇವೆ.